ಮೂವತ್ತೆರಡು ಹಲ್ಲಿನ ಚಕ್ರ

ಬೆಳಗಿನ ಆರೂಕಾಲು. ಅರ್ಧ ಎತ್ತಿದ ಔಷಧಿ ಅಂಗಡಿಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನಜ್ಜರೇನೋ ಎಂಬುವರು ಔಷಧಿ ಪೊಟ್ಟಣಗಳನ್ನು ಬೆನ್ನಚೀಲಕ್ಕೆ ತುಂಬುತ್ತಿದ್ದಾರೆ. ಕೊನೆಯ ಮನೆಯವರದು ತಳಕ್ಕೆ, ಮೊದಲ ಮನೆಯವರದು ಮೇಲಕ್ಕೆ. ಗೋಡೆಗೆ ಒರಗಿಸಿದ ನೀಲಿ ರೇಸ್ ಸೈಕಲ್ಲಿನ ಕಡೆ ಅವರು ಕಣ್ಣೆತ್ತಿ ನೋಡುವುದಿಲ್ಲ. ಹೊಸ ಅಳಿಯನ ಜೊತೆ ಮಾತು ಹೇಗೆ ಶುರು ಮಾಡುವುದೆಂದು ತಿಳಿಯದ ಮಾವನ ಸ್ಥಿತಿ ಅವರದು.

ಗುಡ್ಡದ ಹಳ್ಳಿ ಪೊಜ್ಜಲ್ಬಾ ಇಲ್ಲಿಂದ ಏಳು ಕಿಲೋಮೀಟರ್ ಮೇಲಿದೆ, ಹತ್ತೊಂಬತ್ತು ತಿರುವು. ಎರಡು ಚಳಿಗಾಲದ ಹಿಂದೆ ಗುಡ್ಡ ಜರಿದು ಅರ್ಧ ರಸ್ತೆಯನ್ನು ಕೊಂಡೊಯ್ದ ಮೇಲೆ ಅಲ್ಲಿಗೆ ಕಾರು ಹೋಗುವುದಿಲ್ಲ. ಇಪ್ಪತ್ತೇಳು ವರ್ಷ ಇದೇ ದಾರಿಯಲ್ಲಿ ಅಂಚೆ ಹಂಚಿ ನಿವೃತ್ತರಾದ ನಜ್ಜರೇನೋ, ಅರವತ್ತಮೂರರ ವಯಸ್ಸಿನಲ್ಲಿ ವಾರಕ್ಕೆ ಆರು ದಿನ ಹನ್ನೊಂದು ಮನೆಗಳಿಗೆ ಔಷಧಿ ಮುಟ್ಟಿಸುತ್ತಾರೆ. ಮುಟ್ಟಿಸಿದ ದಿನ ಯಾರೂ ಅವರನ್ನು ನೆನೆಯುವುದಿಲ್ಲ.

ವಸಂತದಲ್ಲಿ ಹಳೆಯ ಸೈಕಲ್ಲಿನ ಚೌಕಟ್ಟು ಬಿರುಕುಬಿಟ್ಟಿತು. ಊರವರೆಲ್ಲ ಸೇರಿ ಹೊಸದು ಕೊಡಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದ.

"ಹಳೇದರಲ್ಲಿ ಗೇರು ಬದಲಿಸೋ ಕಡ್ಡಿ ಚೌಕಟ್ಟಿನ ಕೆಳಗಿನ ಕೊಳವೆ ಮೇಲಿತ್ತು. ಇದರಲ್ಲಿ ಬ್ರೇಕಿನ ಹಿಡಿ ಒಳಗೇ ಎರಡು ಸನ್ನೆಕೋಲು ಇಟ್ಟಿದಾರೆ, ದೊಡ್ಡದು ಒತ್ತಿದ್ರೆ ಪೆಡಲ್ ಹಗುರ, ಚಿಕ್ಕದು ಒತ್ತಿದ್ರೆ ಭಾರ. ಕೈಗೆ ಅದು ಗೊತ್ತಾಗಲ್ಲ, ಕೆಳಗೇ ಹೋಗುತ್ತೆ. ಅಲ್ಲೇನಿದೆ, ಮಣ್ಣು," ಎನ್ನುತ್ತಾರೆ ಅವರು, ಪತ್ರಿಕೆಗೆ ಬರೆಯಲು ಬಂದ ನನಗೆ.

ಜೂನ್‌ನ ಒಂದು ಬೆಳಿಗ್ಗೆ ಹನ್ನೆರಡನೆಯ ಕಡಿದಾದ ತಿರುವಿನಲ್ಲಿ ಕೈ ಹೀಗೇ ತಡವರಿಸಿ, ದೊಡ್ಡ ಸನ್ನೆಕೋಲಿನ ಬದಲು ಚಿಕ್ಕದನ್ನು ಒತ್ತಿತು. ಪೆಡಲ್ ಹಗುರಾಗುವ ಬದಲು ಕಲ್ಲಾಯಿತು. ಅವರು ನೆಲಕ್ಕೆ ಕಾಲಿಟ್ಟರು. ಎಷ್ಟು ಬೇಗ ಹತ್ತಿದೆ ಎಂದು ಈ ಕಣಿವೆಯಲ್ಲಿ ಯಾರೂ ಕೇಳುವುದಿಲ್ಲ, ಕಾಲು ನೆಲಕ್ಕೆ ತಾಗಿತೇ ಎಂದಷ್ಟೇ ಕೇಳುತ್ತಾರೆ. ಸಂಜೆ ಕ್ಷೌರಿಕ ಸಾಂತೆ ಇಡೀ ಕಾಫಿ ಅಂಗಡಿಗೆ ಕೇಳುವಂತೆ ವಿಚಾರಿಸಿದ: "ಏನಪ್ಪಾ ನಜ್ಜರೇ, ನೆಲ ಗಟ್ಟಿ ಇತ್ತಾ?"

ಆಮೇಲೆ ಅದು ವಾರಕ್ಕೆರಡು ಸಲವಾಯಿತು. ಆಲಿವ್ ಕೊಯ್ಲಿನೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಔಷಧಿ ಅಂಗಡಿಯ ಲೊರೆದಾನಾಗೆ ಅವರು ಹೇಳಿಬಿಟ್ಟಿದ್ದಾರೆ. ಬೇರೆಯವರು ಯಾರೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ನಾಳೆಯಿಂದ ಕೊಯ್ಲು.

ಕೊನೆಯ ಮನೆಯ ಎಂಬತ್ತಾರರ ಎರ್ಸೀಲಿಯಾಳಿಗೆ ಅಡುಗೆಮನೆಯ ಕಿಟಕಿಯೇ ಗಡಿಯಾರ. ಹನ್ನೆರಡನೆಯ ತಿರುವಿನ ಕೆಳಗೆ ನಜ್ಜರೇನೋ ಅವರ ಬಿಳಿ ಟೋಪಿ ಕಂಡೊಡನೆ ಕಾಫಿ ಪಾತ್ರೆ ಒಲೆಗೇರುತ್ತಿತ್ತು, ಕಾಫಿಯೂ ಅವರೂ ಒಟ್ಟಿಗೆ ಬರುತ್ತಿದ್ದರು. ಬೇಸಿಗೆಯಿಡೀ ಕಾಫಿ ಆರಿಹೋಯಿತು. ಮೊನ್ನೆ ಅವಳು ಕೇಳಿಯೇಬಿಟ್ಟಳು:

"ಹಿಂದೆ ಚೈನು ಸುತ್ತೋ ಚಕ್ರಗಳಲ್ಲಿ ದೊಡ್ಡದಕ್ಕೆ ಹಲ್ಲೆಷ್ಟು?"

"ಮೂವತ್ತೆರಡು. ಅದಕ್ಕೆ ಚೈನು ಹಾಕೋದಿಲ್ಲ ಅಜ್ಜಿ. ಹಳೇದರಲ್ಲಿ ಇಪ್ಪತ್ನಾಲ್ಕರಲ್ಲೇ ಹತ್ತುತಿದ್ದೆ. ಹಲ್ಲು ಜಾಸ್ತಿ ಇದ್ದಷ್ಟೂ ಹಗುರ, ಇದು ಮುದುಕರ ಚಕ್ರ."

"ನನ್ನ ಬಾಯಲ್ಲಿ ನಾಲ್ಕೂ ಇಲ್ಲ. ಮೂವತ್ತೆರಡೂ ಇರೋನು ನೀನು, ಅಗಿಯೋಕೆ ನಾಚಿಕೆ ಪಡ್ತೀಯಲ್ಲೋ."

ಇಂದು ಹನ್ನೆರಡನೆಯ ತಿರುವಿನಲ್ಲಿ ಬಲಗೈ ಮತ್ತೆ ಕೊಳವೆಯ ಕಡೆ ಇಳಿಯುತ್ತದೆ. ಅರ್ಧದಲ್ಲೇ ನಿಂತು ಮೇಲೆ ಬರುತ್ತದೆ. ದೊಡ್ಡ ಸನ್ನೆಕೋಲು, ಒಂದು ಸಲ, ಇನ್ನೊಂದು ಸಲ. ಚೈನು ಕರಕರ ಎಂದು ಕೊನೆಯ, ಮೂವತ್ತೆರಡು ಹಲ್ಲಿನ ಚಕ್ರಕ್ಕೆ ಏರುತ್ತದೆ. ಕಾಲು ಹಿಟ್ಟು ಕಲಸುವ ಕೈಯಂತೆ ಸುಮ್ಮನೆ ಸುತ್ತುತ್ತದೆ, ಸೈಕಲ್ ನಿಧಾನವಾಗಿ ತಿರುವು ದಾಟುತ್ತದೆ.

ಎರ್ಸೀಲಿಯಾ ಬಾಗಿಲಲ್ಲೇ ತಡೆಯುತ್ತಾಳೆ. ಆ ತಿರುವಿನಲ್ಲಿ ವರ್ಷವಿಡೀ ಕೆಂಪು ಜೇಡಿಮಣ್ಣು ಒಸರುತ್ತದೆ, ಕಾಲಿಟ್ಟರೆ ಬೂಟಿಗೆ ಅಂಟದೆ ಬಿಡದು.

"ಬೂಟು ತೋರಿಸು."

ಅವರು ಒಂದೊಂದೇ ಕಾಲೆತ್ತಿ ತೋರಿಸುತ್ತಾರೆ. ಅಡಿ ಸ್ವಚ್ಛವಾಗಿದೆ. ಒಲೆಯ ಮೇಲೆ ಕಾಫಿ ಆಗಷ್ಟೇ ಗೊರಗೊರ ಎನ್ನುತ್ತಿದೆ.

"ಬೇರೆಯವರನ್ನ ಹುಡುಕೋದು ಬೇಡ ಅಂತ ಲೊರೆದಾನಾಗೆ ಹೇಳ್ಬೇಕು," ಎನ್ನುತ್ತಾ ಅವರು ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಮುಖ ತುಂಬಾ ನಗೆ. ನನ್ನ ಕಡೆ ತಿರುಗಿ ದನಿ ತಗ್ಗಿಸುತ್ತಾರೆ: "ಪತ್ರಿಕೇಲಿ ಏನು ಬೇಕಾದ್ರೂ ಬರೀರಿ. ಆ ಚಕ್ರದ ವಿಷಯ ಒಂದು ಬಿಟ್ಬಿಡಿ. ಸಾಂತೆ ಓದ್ತಾನೆ."