ಒರೋಜಾಲಿಯ ಹೊಟ್ಟೆಯೊಳಗಿನ ಬಡಿತ

ನನ್ನ ಅಣ್ಣ ಒರೋಜಾಲಿ ದೊಲೋನ್ ಘಾಟಿಯಲ್ಲಿ ಹಿಮ ತೆಗೆಯುವ ಬುಲ್ಡೋಜರ್ ಓಡಿಸುತ್ತಿದ್ದ. ಚಳಿಗಾಲದಲ್ಲಿ ನಮ್ಮ ನರೀನ್ ಊರಿಗೆ ಹಿಟ್ಟು, ಕಲ್ಲಿದ್ದಲು ಬರಬೇಕಾದರೆ ಅವನು ದಾರಿ ಬಿಡಿಸಬೇಕಿತ್ತು. ಹಾಗಾಗಿ ಪೇಟೆಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ನಡೆಯುತ್ತಿದ್ದ. ಅವನ ಬಾಯಲ್ಲಿ ಸಿಗರೇಟು ಇಲ್ಲದ್ದನ್ನು ನಾನು ಕಂಡದ್ದು ಕಡಿಮೆ.

ಮೂತ್ರ ಉರಿಯುತ್ತಿದ್ದುದರಿಂದ, ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಒಮ್ಮೆ ಸ್ಕ್ಯಾನ್ ಮಾಡಿಸಿದ. ಕಲ್ಲು ಸಿಗಲಿಲ್ಲ. ಡಾಕ್ಟರ್ ಬೆರ್ಮೆತ್ ತೆರೆಯ ಮೇಲೆ ಬೇರೇನನ್ನೋ ನೋಡುತ್ತ ಕೂತರು.

“ಹೊಟ್ಟೆ ಒಳಗೆ ಹೆಬ್ಬೆರಳಿನಷ್ಟು ದಪ್ಪ ಇರ್ಬೇಕಾದ ದೊಡ್ಡ ರಕ್ತನಾಳ, ನಿಮ್ದು ಅದರ ಎರಡರಷ್ಟು ಉಬ್ಬಿದೆ. ಅದರ ಗೋಡೆ ಸವೆದಿದೆ, ಒಡೆದ್ರೆ ಜೀವಕ್ಕೇ ಕುತ್ತು. ಸಿಗರೇಟು ಬಿಡಿ. ವರ್ಷಕ್ಕೊಂದ್ಸಲ ಬನ್ನಿ, ಅಳತೆ ನೋಡೋಣ.”

“ನೋವೇ ಇಲ್ವಲ್ಲಮ್ಮ?”

“ನೋವು ಬರೋ ಹೊತ್ತಿಗೆ ತಡ ಆಗಿರತ್ತೆ, ಯಜಮಾನ್ರೇ.”

ಮೊದಲ ಕೆಲವು ವರ್ಷ ಆ ಉಬ್ಬು ಬೆಳೆದದ್ದು ವರ್ಷಕ್ಕೆ ಅಕ್ಕಿಕಾಳಿನ ದಪ್ಪದಷ್ಟು. “ನಿನ್ ಥರಾನೇ ಸೋಮಾರಿ ಕಣೋ ಇದು,” ಎಂದು ನನ್ನನ್ನು ಕೆಣಕಿ ಸಿಗರೇಟು ಹಚ್ಚುತ್ತಿದ್ದ. ಆಮೇಲೊಂದು ವರ್ಷ ಸ್ಕ್ಯಾನ್ ಮುಗಿಸಿದ ಬೆರ್ಮೆತ್ ಅವನನ್ನು ಬಿಟ್ಟು ನನ್ನ ಮುಖ ನೋಡಿದರು. ಈ ಸಲ ಜೋರಾಗಿ ಬೆಳೆದಿದೆ, ಉಬ್ಬಿದಷ್ಟೂ ಗೋಡೆ ಸೋಲುತ್ತದೆ, ಸೋತಷ್ಟೂ ಬೇಗ ಉಬ್ಬುತ್ತದೆ ಎಂದರು.

ರಾಜಧಾನಿ ಬಿಷ್ಕೆಕ್‌ಗೆ ಅಣ್ಣನನ್ನು ಕರೆದುಕೊಂಡು ಹೋದೆ. ಆಪರೇಷನ್ ಮಾಡಲೇಬೇಕಾದಷ್ಟು ಬೆಳೆದಿದೆ, ಆದರೆ ಈ ಶ್ವಾಸಕೋಶ ಅದನ್ನು ತಡೆಯದು ಎಂದರು ಅಲ್ಲಿನ ಸರ್ಜನ್. ಹೊಟ್ಟೆ ಕೊಯ್ಯದೆ, ತೊಡೆಯ ನಾಳದಿಂದ ಆ ಉಬ್ಬಿನೊಳಗೆ ಕೊಳವೆ ತೂರಿಸೋಣವೆಂದರೆ ನಾಳಗಳೆಲ್ಲ ಸೊಟ್ಟಗಾಗಿದ್ದವು.

“ಹಾಗಾದ್ರೆ ನಾನೇನ್ ಮಾಡ್ಲಿ?”

“ಭಾರ ಎತ್ಬೇಡಿ. ತಿಣುಕಬೇಡಿ.”

“ಕಕ್ಕಸಲ್ಲೂ?”

ಸರ್ಜನ್ ನಗಲಿಲ್ಲ. “ಅಲ್ಲೂ,” ಎಂದರು.

ಅಣ್ಣ ಸಿಗರೇಟು ಬಿಟ್ಟದ್ದು ಆಮೇಲೆ. ಬುಲ್ಡೋಜರ್ ಬೇರೆಯವರ ಪಾಲಾಯಿತು. ಮೈ ಇಳಿದು, ಮಲಗಿದಾಗ ಹೊಟ್ಟೆ ಬಡಿದುಕೊಳ್ಳುವುದು ಅಂಗಿಯ ಮೇಲೂ ಕಾಣುತ್ತಿತ್ತು. ಅತ್ತಿಗೆ ಬುರ್ಮಕಾನ್ ಮೊದಲೆಲ್ಲ ಬೀದಿಗೆ ಕೇಳುವಂತೆ ಜಗಳವಾಡುತ್ತಿದ್ದವಳು, ಈಗ ಬಾಯಿ ಬಿಗಿಹಿಡಿದಿದ್ದಳು. ಅವನಿಗೆ ಅದೇ ಸಹಿಸಲಾಗಲಿಲ್ಲ.

“ಒಂದಿಷ್ಟು ಬೈಯೇ. ಹೆಣ ಕಾಯೋ ಹಾಗೆ ಕೂತಿರ್ತೀಯಲ್ಲ.”

“ಬೈದು, ನಿಮ್ಗೆ ಬಿ.ಪಿ. ಏರಿ, ಅದು ಒಡೆದ್ರೆ?”

“ಒಡೀಲಿ ಬಿಡು.”

ಅವಳು ಚಹಾ ಬಗ್ಗಿಸಿಕೊಟ್ಟಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಅಣ್ಣ ಕುರಿಮಾಂಸದ ಶಾವಿಗೆ ಸಾರು ಕುಡಿಯುತ್ತಿದ್ದವನು ಬಟ್ಟಲು ಇಳಿಸಿ ಸೊಂಟ ಹಿಡಿದುಕೊಂಡ. “ಬುರ್ಮಾ, ಬೆನ್ನು...” ಎಂದ. ಮುಖ ನಾದಿದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಒಳಗೆ ರಕ್ತ ತುಂಬಿ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಜೀವ ಹೋಯಿತು.

ಅಣ್ಣನ ಹೆಸರಲ್ಲಿ ಹಾಕಿದ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಬೆರ್ಮೆತ್ ನನ್ನನ್ನು ಕರೆಸಿದರು. ಒಡಹುಟ್ಟಿದವರಲ್ಲೂ ಇದು ಇರುವುದುಂಟಂತೆ. ನಾನೂ ಸ್ಕ್ಯಾನ್ ಮೇಜಿನ ಮೇಲೆ ಮಲಗಿದೆ. ಅವರು ತೆರೆಯ ಮೇಲೆ ಎರಡೆರಡು ಸಲ ಅಳತೆ ಹಿಡಿದರು.

“ನಿಮ್ಗೂ ಇದೆ, ಚಿಕ್ಕದು. ಮುಂದಿನ್ ವರ್ಷ ಬನ್ನಿ.”

ನನಗೇನೂ ಇಲ್ಲವೆಂದು ಅತ್ತಿಗೆಗೆ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಎರಡು ಚಳಿಗಾಲ ಕಳೆದಿವೆ. ನಾನು ಸಿಗರೇಟು ಮುಟ್ಟಿಲ್ಲ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಅದು ಬೆಳೆದಿದೆ. ಬಿಷ್ಕೆಕ್‌ಗೆ ಆಪರೇಷನ್ನಿಗೆಂದು ಹೋಗುವಷ್ಟು ಇನ್ನೂ ದೊಡ್ಡದಾಗಿಲ್ಲವಂತೆ.