ರಾಕ್ಷಸನಿಗೆ ಅಡ್ಡಗಾಲು

ನಾಳೆ ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ನನಗೊಂದು ಆಪರೇಷನ್. ಸಣ್ಣದು ಅಂತ ಡಾಕ್ಟರ್ ಹೇಳಿದ್ದಾರೆ. ಅವರಿಗೇನು, ಹೊಟ್ಟೆ ನನ್ನದಲ್ಲವೇ. ಯಾರಿಗೂ ತೊಂದರೆ ಬೇಡ, ಒಬ್ಬಳೇ ಆಟೋ ಹತ್ತಿ ಹೋಗಿಬಿಡೋಣ ಅಂತ ಹಳೆಯ ಚೀಲ ಕೊಡವಿದರೆ, ಟಣ್ ಅಂತ ಬಿತ್ತು ನೋಡಿ, ಇಪ್ಪತ್ತು ಮುಖದ ಕೆಂಪು ದಾಳ.

ಇದು ಪಗಡೆಯದಲ್ಲ. ಇದೇ ಊರಿನ ಕುಷಾಯಿಗೂಡದ ಶಾಂತಕ್ಕನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಡೆಯುತ್ತಿದ್ದ ಆಟದ್ದು. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಕಳ್ಳ, ಪೂಜಾರಿ, ಸೈನಿಕ ಅಂತ ಒಂದೊಂದು ಪಾತ್ರವಾಗುತ್ತಾರೆ. ಏಟು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಕಥೆ ಹೇಳುವವಳು ಶಾಂತಕ್ಕ, ಕಲಬುರಗಿಯವಳು, ಶಾಲೆಯಲ್ಲಿ ಕಬಡ್ಡಿ ಆಡಿದವಳು. ಅವಳ ಗಂಡ ರಾಘಣ್ಣನದು ಪೂಜಾರಿಯ ಪಾತ್ರ. ಅದನ್ನು ವರ್ಷಗಟ್ಟಲೆ ಮಗನಂತೆ ಸಾಕಿದ್ದರು. ನಾನು ಬೀದರಿನಿಂದ ಹೊಸದಾಗಿ ಕೆಲಸಕ್ಕೆ ಬಂದವಳು. ಆಫೀಸಿನಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ಹೆದರಿ ಹೆದರಿ ಕನ್ನಡದ ಮನೆಯಲ್ಲೂ ಮೂಗಿಯಂತೆ ಕೂರುತ್ತಿದ್ದೆ. ನನ್ನ ಪಾತ್ರ ಗೇಣುದ್ದದ ಒಬ್ಬ ಕಳ್ಳಿ.

ಆಟದ ಪುಸ್ತಕದ ಪ್ರಕಾರ, ತನಗಿಂತ ತೀರಾ ದೊಡ್ಡವನಿಗೆ ಅಡ್ಡಗಾಲು ಹಾಕುವ ಹಾಗೇ ಇಲ್ಲ. ಶಾಂತಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ.

"ಪುಸ್ತಕ ಬರದಾಂವ ಕಬಡ್ಡಿ ನೋಡಿಲ್ಲ ತಗೋ. ಒಬ್ಬರು ಹಿಮ್ಮಡಿ ಹಿಡದ್ರ ಎಳಕೊಂಡು ಹೋಗ್ತಾನ. ಜೋಡಿ ಹಿಡದ್ರ ಎಂಥಾಂವನೂ ಬೀಳ್ತಾನ."

ಹಾಗಾಗಿ ಆ ಮನೆಯ ನಿಯಮವೇ ಬೇರೆ. ಎಷ್ಟು ದೊಡ್ಡವನನ್ನಾದರೂ ಕೆಡವಬಹುದು. ಆದರೆ ಟೇಬಲ್ ಸುತ್ತ ಕೂತವರಲ್ಲಿ ಒಬ್ಬರನ್ನು ಹೆಸರು ಹಿಡಿದು ಕರೆಯಬೇಕು. ಅವರು "ಹಿಡದೀನಿ" ಅಂದರೆ ಇಬ್ಬರಿಗೂ ಸೇರಿ ಒಂದು ದಾಳ. ದಾಳ ಕೈಕೊಟ್ಟರೆ ಮೊದಲ ಏಟು "ಹಿಡದೀನಿ" ಅಂದವರಿಗೆ.

ಒಂದು ಭಾನುವಾರ ಕಥೆಯ ಸೇತುವೆ ಮೇಲೆ ರಾಕ್ಷಸನೊಬ್ಬ ನನ್ನ ಕಳ್ಳಿಯನ್ನು ಅಡ್ಡಗಟ್ಟಿದ. ಅವಳು ಸತ್ತರೆ ಅದೇ ನೆಪವಾಗಿ ನಾನು ಆ ಮನೆಗೆ ಹೋಗುವುದನ್ನೇ ಬಿಡುತ್ತಿದ್ದೆ, ಖಂಡಿತ. ಈ ಊರಲ್ಲಿ ನನಗಿದ್ದದ್ದು ಅದೊಂದೇ ಮನೆ. ಆದರೂ ನನ್ನ ಸಲುವಾಗಿ ಇನ್ನೊಬ್ಬರನ್ನು ಏಟಿಗೆ ಎಳೆಯುವುದು ಹೇಗೆ?

"ಯಾರನ್ನರ ಕರಿ ಯವ್ವಾ, ನಾವೇನು ದೂರ ಕುಂತೀವೇನು?" ಅಂದಳು ಶಾಂತಕ್ಕ.

"ರಾಘಣ್ಣಾ" ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವರು ಚಹಾದ ಬಶಿ ಕೆಳಗಿಟ್ಟರು. "ಹಿಡದೀನಿ."

ದಾಳ ಉರುಳಿತು. ಇಪ್ಪತ್ತರಲ್ಲಿ ಬಿದ್ದದ್ದು ಬರೀ ಮೂರು. ರಾಕ್ಷಸ ಅಲುಗಲಿಲ್ಲ, ಪೂಜಾರಿ ಸತ್ತ, ಆ ಗದ್ದಲದಲ್ಲಿ ನನ್ನ ಕಳ್ಳಿ ತಪ್ಪಿಸಿಕೊಂಡಳು. ನಾನು ಅತ್ತೇಬಿಟ್ಟೆ, ನಗಬೇಡಿ. ರಾಘಣ್ಣ ಆಗಲೇ ಹೊಸ ಪಾತ್ರಕ್ಕೆ ಹೆಸರು ಹುಡುಕುತ್ತಿದ್ದರು.

"ಸತ್ತಾಂವ ನಮ್ಮ ಪೂಜಾರಿ, ನೀ ಯಾಕ ಅಳಾಕತ್ತಿ? ಚೂಡಾ ತಿನ್ನು" ಅಂದರು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಈಗ ನನ್ನ ಬಾಯಿ ಮುಚ್ಚಿಸುವುದೇ ಕಷ್ಟ ಅನ್ನುತ್ತಾರೆ ಆಫೀಸಿನವರು. ಅದರ ಪುಣ್ಯವೆಲ್ಲ ಆ ಮನೆಯವರಿಗೇ ಸೇರಬೇಕು.

ದಾಳವನ್ನು ಚೀಲಕ್ಕೇ ಹಾಕಿಕೊಂಡು ಫೋನ್ ತೆಗೆದೆ.

"ರಾಘಣ್ಣಾ, ನಾಳೆ ನಂದೊಂದು ಆಪರೇಷನ್ ಐತ್ರಿ. ಭಾಳ ಅಂಜಿಕಿ ಆಗೇತಿ. ನನ್ನ ಜೋಡಿ ಬರ್ತೀರೇನ್ರಿ?"

ಆ ಕಡೆ ಬಶಿ ಕೆಳಗಿಟ್ಟ ಸದ್ದು ಕೇಳಿಸಿತು.

"ಹಿಡದೀನಿ" ಅಂದರು.