ಕೊಳದ ಸುತ್ತ ಕಾದಿಸ್

ನಾನು ಸ್ಪೇನ್ ನೋಡಿಲ್ಲ. ನೋಡಬೇಕಿತ್ತು. 2022ರ ಅಕ್ಟೋಬರಿನಲ್ಲಿ ವಿಮಾನದ ಟಿಕೆಟ್, ಹೋಟೆಲ್, ಯುರೋಪಿನ ವೀಸಾ, ನಡೆಯಲೆಂದೇ ಕೊಂಡ ಹೊಸ ಶೂ ಎಲ್ಲ ತಯಾರಾಗಿದ್ದವು. ಹೊರಡಲು ನಾಲ್ಕು ದಿನ ಉಳಿದಾಗ ಆಫೀಸಿನ ವಕೀಲೆ, ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟ್ಯಾಂಪಿನ ತಾರೀಖು ಏನೆಂದು ಕೇಳಿದರು. ಅದು ಮುಗಿದು ಏಳು ತಿಂಗಳಾಗಿತ್ತು. ಇಲ್ಲಿದ್ದು ಕೆಲಸ ಮಾಡಲು ಕೊಟ್ಟ ಒಪ್ಪಿಗೆ ಪತ್ರ ಇನ್ನೂ ಮೂರು ವರ್ಷಕ್ಕಿತ್ತು. ನಾನು ಅದೊಂದನ್ನೇ ನೋಡಿಕೊಂಡು ನಿಶ್ಚಿಂತನಾಗಿದ್ದೆ. ಇಲ್ಲಿ ಇರಬಹುದು, ಇಲ್ಲಿಂದ ಹೋಗಲೂಬಹುದು, ಆದರೆ ಹೋದವನು ಮತ್ತೆ ಸ್ಟ್ಯಾಂಪ್ ಹಾಕಿಸದೆ ಒಳಗೆ ಬರುವಂತಿಲ್ಲ. ನಾನಿರುವ ಊರು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ನಮ್ಮಂಥವರು ಯಾರಾದರೊಬ್ಬರು ಪ್ರತಿ ವರ್ಷ ಈ ತಪ್ಪು ಮಾಡುತ್ತಾರೆ. ಬೇರೆಯವರು ಮಾಡಿದಾಗಲೆಲ್ಲ ನಾನು ಚೆನ್ನಾಗಿ ನಕ್ಕಿದ್ದೆ.

ಆ ಸಂಜೆ ಕಸದ ಡಬ್ಬಿ ಎಳೆಯುತ್ತಿದ್ದಾಗ ಪಕ್ಕದ ಟೌನ್‌ಹೌಸಿನ ಜಮೀಲ್ ಅಂಕಲ್ ಸಿಕ್ಕರು. ಅವರೂ ಡಬ್ಬಿ ಎಳೆಯುತ್ತಿದ್ದರು. ನನ್ನ ಕತೆ ಕೇಳಿ, ಯಾವ ಊರಿಗೆ ಹೊರಟಿದ್ದೆ ಎಂದರು. ಸ್ಪೇನಿನ ಕಡಲ ದಡದ ಕಾದಿಸ್ ಎಂದೆ. ಅವರು ಡಬ್ಬಿಯನ್ನು ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದರು.

"ಶನಿವಾರ ಬೆಳಗ್ಗೆ ಎಂಟಕ್ಕೆ ನಮ್ಮನೆ ಮುಂದೆ ಬಾ. ಆ ಹೊಸ ಶೂ ಹಾಕ್ಕೊಂಡ್ ಬಾ. ನಾನ್ ತೋರಿಸ್ತೀನಿ ಕಾದಿಸ್ಸು."

ಜಮೀಲ್ ಅಂಕಲ್ ಮೈಸೂರಿನವರು. ಮೂವತ್ತೊಂದು ವರ್ಷ ಅರಮನೆಯ ಮುಂದೆ ಗೈಡ್ ಆಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಆಫ್ರೀನ್ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು. ಬಂದ ಮರುವರ್ಷವೇ ಕೋವಿಡ್. ಜಗತ್ತಿನ ಗೈಡುಗಳೆಲ್ಲ ಕೆಲಸವಿಲ್ಲದೆ ಕೂತ ಆ ಕಾಲದಲ್ಲಿ ಕಾದಿಸ್‌ನ ಒಬ್ಬ ಹೆಂಗಸು ತನ್ನ ಫೋನನ್ನು ಎದುರಿಗೆ ಹಿಡಿದು, ಖಾಲಿ ಬೀದಿಗಳಲ್ಲಿ ಒಬ್ಬಳೇ ನಡೆಯುತ್ತಾ, ಮನೆಯಲ್ಲಿ ಕೂತವರಿಗೆ ಊರು ತೋರಿಸತೊಡಗಿದ್ದಳು. ಅಪ್ಪನಿಗೆ ಹೊತ್ತು ಹೋಗಲೆಂದು ಆಫ್ರೀನ್ ಅದಕ್ಕೆ ಅವರ ಹೆಸರು ಬರೆಸಿದರು. ಅಂಕಲ್ ಅದೇ ಟೂರನ್ನು ಭಾನುವಾರ ಭಾನುವಾರ ನಲವತ್ತು ಸಲ ನೋಡಿದರು. ಒಬ್ಬ ಗೈಡಿನ ಗುಂಪಿನಲ್ಲಿ ಹಿಂದೆ ನಡೆದದ್ದು ಜೀವನದಲ್ಲಿ ಅದೇ ಮೊದಲು ಎನ್ನುತ್ತಿದ್ದರು. ಆಕೆ ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಉಸಿರು ಬಿಡುತ್ತಾಳೆ, ಯಾವ ಮಾತನ್ನು ಯಾವ ತಿರುವಿಗೆ ಉಳಿಸಿಕೊಳ್ಳುತ್ತಾಳೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಶುಕ್ರವಾರ ಆಫ್ರೀನ್ ನಮ್ಮ ಮನೆ ಬಾಗಿಲಿಗೇ ಬಂದರು. ಅವರು ಫಾರ್ಮಸಿಸ್ಟ್. ಯಾವ ವಿಷಯವನ್ನಾದರೂ ಮಾತ್ರೆಯ ಡೋಸ್ ಹೇಳಿದಷ್ಟು ಚೊಕ್ಕವಾಗಿ ಹೇಳುತ್ತಾರೆ. ಆಗಸ್ಟ್‌ನಲ್ಲಿ ಅವರ ಅಪ್ಪ ನಾಲ್ಕು ಬೀದಿ ಆಚೆ ಯಾರದೋ ಮನೆಯ ಬಾಗಿಲಿಗೆ ತಮ್ಮ ಕೀ ಹಾಕಿ ತಿರುಗಿಸುತ್ತಾ ನಿಂತಿದ್ದರಂತೆ. ಆ ಮನೆಯವರು ಪೊಲೀಸರನ್ನು ಕರೆದಿದ್ದರಂತೆ. ಬಂದ ಪೊಲೀಸ್ ಒಳ್ಳೆಯವನು, ಆದರೆ ಮುಂದಿನ ಸಲವೂ ಒಳ್ಳೆಯವನೇ ಬರುತ್ತಾನೆ ಎಂದು ಏನು ಗ್ಯಾರಂಟಿ?

"ಡಾಕ್ಟರ್ ಮರೆವು ಶುರುವಾಗಿದೆ ಅಂದಿದಾರೆ. ಇನ್ನೊಂದ್ ಸಲ ದಾರಿ ತಪ್ಪಿದ್ರೆ ಕೀ ನಾನ್ ಇಸ್ಕೋತೀನಿ ಅಂತ ಅಬ್ಬಾಗೂ ಹೇಳ್ಬಿಟ್ಟಿದೀನಿ. ಆಮೇಲೆ ಒಬ್ರೇ ಹೊರಗೆ ಕಳ್ಸಲ್ಲ. ನಿಮಗೂ ಗೊತ್ತಿರಲಿ."

ನಾನು ತಲೆಯಾಡಿಸಿದೆ. ಜವಾಬ್ದಾರಿಯುತ ಯುವಕನಂತೆ ಕಾಣಲು ನನಗೆ ಬರುತ್ತದೆ. ಕಂಪನಿಯಲ್ಲಿ ನನ್ನನ್ನು ಇನ್ನೂ ಇಟ್ಟುಕೊಂಡಿರುವುದೇ ಅದಕ್ಕೆ.

ಶನಿವಾರ ಅಂಕಲ್ ಇಸ್ತ್ರಿ ಮಾಡಿದ ಶರ್ಟು ಹಾಕಿ ಮೆಟ್ಟಿಲ ಮೇಲೆ ನಿಂತಿದ್ದರು. ಮೋಡವೇ ಇಲ್ಲದ ಆಕಾಶದ ಕೆಳಗೆ ಮಡಚಿದ ಕಪ್ಪು ಕೊಡೆಯನ್ನು ಮೇಲೆತ್ತಿ ಹಿಡಿದಿದ್ದರು. ಕೊರಳಲ್ಲಿ ಹಳೆಯ ಗೈಡ್ ಬ್ಯಾಡ್ಜಿನ ದಾರ, ಅದರ ತುದಿಯಲ್ಲಿ ಮನೆಯ ಕೀ. ಬೆರಳು ಮುಂದೆ ಮಾಡಿ ತಲೆ ಎಣಿಸಿದರು. ಒಂದು.

"ಗ್ರೂಪ್ ಪೂರ್ತಿ ಬಂತು. ಹೊರಡೋಣ."

ಅವರು ನನ್ನ ಕಡೆ ಮುಖ ಮಾಡಿ ಹಿಂದು ಹಿಂದಕ್ಕೆ ನಡೆಯುತ್ತಾ ಹೇಳತೊಡಗಿದರು. ಅವರ ಮನೆಯ ಮೆಟ್ಟಿಲೇ ನೆಲದ ಕಡೆಯಿಂದ ಊರಿಗೆ ಬರುವ ಹೆಬ್ಬಾಗಿಲು. ಇಲ್ಲಿಂದ ಮುಂದೆ ಮೂರು ಕಡೆಯೂ ಸಮುದ್ರ. ಬೆಂಕಿ ಆರಿಸುವ ನೀರಿಗೆಂದು ಬೀದಿಯ ಮೂಲೆಯಲ್ಲಿ ನೆಟ್ಟ ಗಿಡ್ಡ ಕೆಂಪು ಫೈರ್ ಹೈಡ್ರಂಟ್ ಹಳೆಯ ಫಿರಂಗಿ. ಕಾದಿಸ್‌ನಲ್ಲಿ ಗಾಡಿಯ ಚಕ್ರ ಗೋಡೆಗೆ ತಾಗದಿರಲೆಂದು ಮೂಲೆಮೂಲೆಯಲ್ಲೂ ಹಳೆಯ ಫಿರಂಗಿಗಳನ್ನು ನೆಟ್ಟಿದ್ದಾರೆ. ದೂರದ ನೀರಿನ ಟ್ಯಾಂಕ್, ಹಡಗು ಬರುವುದನ್ನು ನೋಡಲು ವ್ಯಾಪಾರಿಗಳು ಕಟ್ಟಿಸಿದ ನೂರಕ್ಕೂ ಹೆಚ್ಚು ಗೋಪುರಗಳಲ್ಲಿ ಒಂದು. ಆ ಹೊತ್ತಿಗೆ ಪಕ್ಕದ ವಾಷಿಂಗ್ಟನ್ ಡಲ್ಲಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. "ಬಂತು ನೋಡು ಹಡಗು," ಎಂದರು. ಎಲ್ಲಿಂದ ಬಂತು, ಏನು ತಂತು ಎಂದು ಗೋಪುರದ ಮೇಲಿಂದ ನೋಡುವವರು ಲೆಕ್ಕ ಹಾಕುತ್ತಿದ್ದರಂತೆ. ನಾನೂ ತಲೆಯೆತ್ತಿ ನೋಡಿದೆ. ಬಹಳ ಹೊತ್ತು ನೋಡಿದೆ.

ನಮ್ಮ ಕಾಲೋನಿಯ ಕ್ಲಬ್‌ಹೌಸ್ ಕೆಳಗೆ ಇಟ್ಟಿಗೆ, ಮೇಲೆ ಅಗ್ಗದ ಬಿಳಿ ಹಲಗೆ. ಅದು ಕಥೀಡ್ರಲ್. ಕಟ್ಟಿ ಮುಗಿಸಲು ನೂರ ಹದಿನಾರು ವರ್ಷ ಹಿಡಿಯಿತಾದ್ದರಿಂದ ಅದರ ಕಲ್ಲೂ ಕೆಳಗೊಂದು ಬಣ್ಣ, ಮೇಲೊಂದು ಬಣ್ಣ. ಅಂಚೆ ಪೆಟ್ಟಿಗೆಗಳು ಸಾಲಾಗಿ ನಿಂತ ಜಾಗ ಹೂವಿನ ಚೌಕ. ಅವೆರಡಕ್ಕೂ ಮೊದಲು ಸಿಗುವ, ಮಳೆನೀರು ನಿಲ್ಲಲು ತೋಡಿದ ಕೊಳ ಲಾ ಕಲೇತಾ ಎಂಬ ಕಡಲ ತೀರ. ಅದರಾಚೆಯ ಕಿಟಕಿಯಿಲ್ಲದ ಡೇಟಾ ಸೆಂಟರ್ ಸಮುದ್ರದೊಳಕ್ಕೆ ಚಾಚಿದ ಕೋಟೆ. ವಾರಕ್ಕೆ ಐದು ದಿನ ನಾನು ಕೆಟ್ಟ ಡಿಸ್ಕ್ ಕಿತ್ತು ಒಳ್ಳೆಯ ಡಿಸ್ಕ್ ತುರುಕುವುದು ಆ ಕೋಟೆಯಲ್ಲೇ. ಅದರ ಫ್ಯಾನುಗಳ ಗುಂಯ್ ಸದ್ದು ನನಗೆ ತಲೆನೋವು. ಅಂಕಲ್ ಕೊಡೆಯಿಳಿಸದೆ ಒಂದು ನಿಮಿಷ ಸುಮ್ಮನೆ ನಿಲ್ಲಲು ಹೇಳಿದರು. ಕೊಳದ ಮೇಲೆ ಮಂಜು, ಮಂಜಿನೊಳಗೆ ಬಾತುಗಳು. ನಿಧಾನವಾಗಿ ಆ ಗುಂಯ್ ಎಂಬುದು ಕಡಲಾಯಿತು. ಮೂಗಿಗೆ ಉಪ್ಪಿನ ವಾಸನೆಯೂ ಬಂದಂತಾಯಿತು. ಯಾರೋ ಉಪ್ಪು ಸವರಿದ ಬೇಕನ್ ಮಾಂಸ ಹುರಿಯುತ್ತಿದ್ದರು ಅಂತ ಕಾಣುತ್ತದೆ.

ಹಾಗೆ ಚಳಿಗಾಲವಿಡೀ ಶನಿವಾರಗಳು ಕಳೆದವು. ಅಂಕಲ್ ದಾರಿಯನ್ನು ಒಂದು ಹೆಜ್ಜೆಯೂ ಬದಲಿಸಲಿಲ್ಲ. ಮೆಟ್ಟಿಲಿಂದ ಹೊರಟು, ಕೊಳ ಸುತ್ತಿ, ಕಥೀಡ್ರಲ್, ಹೂವಿನ ಚೌಕ ದಾಟಿ ಮತ್ತೆ ಮೆಟ್ಟಿಲಿಗೆ. ವಾರದ ದಿನಗಳಲ್ಲಿ ಒಬ್ಬರೇ ಹೋದಾಗಲೂ ಕೊಡೆ ಎತ್ತಿಕೊಂಡೇ, ಬಾಯಲ್ಲಿ ಗುನುಗುತ್ತಲೇ ನಡೆಯುತ್ತಾರೆಂದು ಕೇಳಿದ್ದೆ. ವಯಸ್ಸಾದವರ ಹುಚ್ಚು ಎಂದುಕೊಂಡಿದ್ದೆ. ನನ್ನ ಬುದ್ಧಿ ಓಡುವುದೇ ಅಷ್ಟು ದೂರ.

ಏಪ್ರಿಲ್‌ನಲ್ಲಿ ಆ ಬುದ್ಧಿಯನ್ನು ಇನ್ನಷ್ಟು ಓಡಿಸಿದೆ. ಆಫೀಸಿನ ಊಟದ ಹೊತ್ತಿನಲ್ಲಿ ಈ ಟೂರಿನ ಬಗ್ಗೆ ಜಂಬ ಕೊಚ್ಚಿಕೊಂಡಿದ್ದರಿಂದ ಮಧುರಾ, ಸಿದ್ಧಲಿಂಗೇಶ್ ಇಬ್ಬರೂ ಬರುತ್ತೇವೆಂದರು. ಅವರಿಗೂ ಸ್ಟ್ಯಾಂಪ್ ಇರಲಿಲ್ಲ. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಕೊಳದ ಹತ್ತಿರ ಬೇಕಾದಷ್ಟಿದೆ. ಹಾಗಾಗಿ ಈ ಸಲ ಅಲ್ಲಿಂದ ಶುರುಮಾಡಿ ಉಲ್ಟಾ ಬರೋಣ ಎಂದು ಅಂಕಲ್‌ಗೆ ಹೇಳಿದೆ. ಅವರು ತಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿ, ಗೆಸ್ಟುಗಳ ಅನುಕೂಲ ಮುಖ್ಯ ತಾನೇ ಎಂದರು. ಹುಲ್ಲಿನ ಮೇಲಿನ ಅಡ್ಡದಾರಿಯಲ್ಲಿ ನಾನೇ ಅವರನ್ನು ಕೊಳಕ್ಕೆ ಕರೆದೊಯ್ದೆ.

ಕೊಳದ ಬಳಿ ಅವರು ಮಾತಾಡಿದ ರೀತಿಗೆ ಮಧುರಾ ಕಣ್ಣು ಮಿಟುಕಿಸದೆ ನಿಂತಳು. ಆಮೇಲೆ ಬೀದಿಗೆ ತಿರುಗಿದೆವು. ಎರಡೂ ಕಡೆ ಒಂದೇ ಅಚ್ಚಿನ ಮನೆಗಳು, ಎಲ್ಲದರ ಮುಂದೂ ಅದೇ ಬಿಳಿ ಹೂವಿನ ಮರ. ಹೈಡ್ರಂಟ್ ಬಂತು. ಅಂಕಲ್ ಫಿರಂಗಿಯ ಕತೆ ಹೇಳಿದರು. ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು, ಫಿರಂಗಿಯ ಕತೆಯನ್ನೇ ಮತ್ತೆ ಹೇಳಿದರು. ಸಿದ್ಧಲಿಂಗೇಶ್ ನಕ್ಕ, ಅದೂ ಟೂರಿನ ಭಾಗವೇ ಇರಬೇಕೆಂದುಕೊಂಡು. ನಾನೂ ನಕ್ಕೆ. ಮೂರನೆಯ ಸಲ ಕತೆ ಅರ್ಧಕ್ಕೇ ನಿಂತಿತು. ಅಂಕಲ್ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಮೇಲಿದ್ದ ಕೊಡೆ ಕೆಳಗಿಳಿಯಿತು.

ಅಂಕಲ್‌ಗೆ ಮಂಡಿ ನೋವು ಎಂದು ಹೇಳಿ ಗೆಳೆಯರನ್ನು ಕಳಿಸಿದೆ. ಅಂಕಲ್ ಫುಟ್‌ಪಾತಿನ ಅಂಚಿನಲ್ಲಿ ಕೂತರು. ನೆಲ ನೋಡುತ್ತಲೇ ಮಾತಾಡಿದರು.

"ಈ ಮನೆಗಳೆಲ್ಲ ಒಂದೇ ಥರ ಮಗಾ. ನನಗೆ ಹಿಡಿಯಕ್ಕೆ ಏನೂ ಇಲ್ಲ. ಅದಕ್ಕೆ ಕಾದಿಸ್ಸು ಹಾಸ್ಕೊಂಡೆ. ನಮ್ಮ ಮೆಟ್ಲಿಂದ ಶುರು ಮಾಡಿದ್ರೆ ಒಂದಾದ್ಮೇಲೊಂದು ತಾನಾಗೇ ಬರ್ತದೆ, ಕೊನೇಗೆ ಮನೆ ಬರ್ತದೆ. ಉಲ್ಟಾ ಹೋದ್ರೆ ಬರಲ್ಲ."

ಮೈಸೂರನ್ನೇ ಹಾಸಬಹುದಿತ್ತಲ್ಲ ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಮೈಸೂರ್ ಹಾಸಿದ್ರೆ ಕಾಲು ತಾನಾಗೇ ನಮ್ಮ ಹಳೇ ಮನೆ ಇದ್ದ ಮಂಡಿ ಮೊಹಲ್ಲಾಕ್ಕೆ ಹೋಗ್ಬಿಡ್ತದೆ."

ಅಷ್ಟರಲ್ಲಿ ಫೋನಿಗೆ ಆಫ್ರೀನ್ ಮೆಸೇಜ್ ಬಂತು. ಎಲ್ಲಿದ್ದಾರೆಂದು ಫೋನಿಗೆ ತಿಳಿಸುತ್ತಿರಲೆಂದು ತಾವು ಅಪ್ಪನಿಗೆ ಕಟ್ಟಿದ ಕೈಗಡಿಯಾರ ಇಪ್ಪತ್ತು ನಿಮಿಷದಿಂದ ಒಂದೇ ಕಡೆ ತೋರಿಸುತ್ತಿದೆ, ಎಲ್ಲ ಸರಿಯಿದೆಯೇ ಎಂದು. ನಾನು ಅದನ್ನು ಓದಿದ ಮುಖದಲ್ಲೇ ಅಂಕಲ್‌ಗೆ ಗೊತ್ತಾಯಿತು. ಅವರ ಕೈ ಕೊರಳಿನ ಕೀಯ ಮೇಲೆ ಹೋಯಿತು. ಮನೆ ಐದು ನಿಮಿಷದ ದಾರಿ. ಎಬ್ಬಿಸಲೆಂದು ಕೈ ಚಾಚಿದೆ.

"ಕೈ ಹಿಡ್ಕೊಂಡು ಮಾತ್ರ ಕರ್ಕೊಂಡ್ ಹೋಗ್ಬೇಡ."

ಆಗ ನನಗೆ ತೋಚಿದ್ದು ಒಂದೇ. ನೆಲದ ಮೇಲಿದ್ದ ಕೊಡೆ ತೆಗೆದುಕೊಂಡು ಮೇಲೆತ್ತಿ ಹಿಡಿದೆ. ತಲೆ ಎಣಿಸಿದೆ. ಹಿಂದು ಹಿಂದಕ್ಕೆ ನಡೆಯಲು ಹೋಗಿ ಯಾರದೋ ರೀಸೈಕಲ್ ಡಬ್ಬಿಗೆ ಗುದ್ದಿಕೊಂಡೆ. ಅಂಕಲ್ ಎದ್ದು ಹಿಂದೆ ಬಂದರು. ಉಲ್ಟಾ ದಾರಿ ಬಿಟ್ಟು, ಟೂರಿನ ಸರಿ ದಿಕ್ಕು ಹಿಡಿಯಲೆಂದು ಕ್ಲಬ್‌ಹೌಸಿನ ಕಡೆ ತಿರುಗಿದೆ. ಆರು ತಿಂಗಳು ಕೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಚೂರುಪಾರು. ಈ ಊರನ್ನು ಕಟ್ಟಿದವರು ರೋಮನ್ನರು ಎಂದೆ. ಅಂಕಲ್ ನೆಲ ನೋಡುತ್ತಲೇ ನಡೆದರು. ಗೋಪುರಗಳು ಒಟ್ಟು ಹದಿನೆಂಟು ಎಂದೆ. ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತು. ತಿರುವು ದಾಟಿದಾಗ ಕ್ಲಬ್‌ಹೌಸ್ ಕಂಡಿತು. ಬಲಗಡೆ ನೀವು ನೋಡುತ್ತಿರುವುದು ಕಥೀಡ್ರಲ್, ಇದನ್ನು ಕಟ್ಟಲು ಹನ್ನೆರಡು ವರ್ಷ ಹಿಡಿಯಿತು ಎಂದೆ.

"ಹನ್ನೆರಡಾ?" ಅಂಕಲ್ ನಿಂತರು. "ನೂರ ಹದಿನಾರು. ಕಟ್ಟಿದ್ದು ರೋಮನ್ನರಲ್ಲ, ಅವರಿಗಿಂತ ಮುಂಚೆ ಫಿನೀಷಿಯನ್ನರು. ಕೊಡು ಇಲ್ಲಿ. ಹಿಂಗ್ ಹೇಳಿದ್ರೆ ಜನ ಊರಿನ ಮರ್ಯಾದೆ ತೆಗೀತಾರೆ."

ಕೊಡೆ ಕಿತ್ತುಕೊಂಡು ಮುಂದಕ್ಕೆ ಬಂದರು. ಕಥೀಡ್ರಲ್ ಸಿಕ್ಕಿದ ಮೇಲೆ ಮುಂದಿನದು ಸಾಲಾಗಿ ಸಿಕ್ಕಿತು. ನಾವು ಹೂವಿನ ಚೌಕ ಸೇರುವ ಹೊತ್ತಿಗೆ ಎದುರಿನಿಂದ ಆಫ್ರೀನ್ ಬಂದರು. ಮನೆಯ ಚಪ್ಪಲಿಯಲ್ಲೇ ಓಡಿ ಬಂದಿದ್ದರು. ಅಪ್ಪ ಬಿಸಿಲಿನಲ್ಲಿ ಕೊಡೆ ಎತ್ತಿ, ಹಿಂದು ಹಿಂದಕ್ಕೆ ನಡೆಯುತ್ತಾ, ಹೂ ಮಾರುವವರ ಬಗ್ಗೆ ಹೇಳುತ್ತಿರುವುದನ್ನು ಕಂಡು ಕರೆಯಲು ತೆರೆದ ಬಾಯಿ ಮುಚ್ಚಿಕೊಂಡರು. ಸದ್ದಿಲ್ಲದೆ ಬಂದು ನನ್ನ ಪಕ್ಕ ನಿಂತರು. ಅಂಕಲ್ ಮಾತು ನಿಲ್ಲಿಸದೆಯೇ ಬೆರಳು ಮುಂದೆ ಮಾಡಿ ಎಣಿಸಿದರು. ಎರಡು.

ಮೆಟ್ಟಿಲ ಮುಂದೆ ಟೂರ್ ಮುಗಿಯಿತು. ಅಂಕಲ್ ಕೊರಳಿನ ಕೀ ತೆಗೆದು ಬಾಗಿಲಿಗೆ ಹಾಕಿದರು. ಅದು ತಿರುಗಿತು. ಅವರು ಒಳಗೆ ಹೋದ ಮೇಲೆ ನಾನು ಆಫ್ರೀನ್‌ಗೆ ಎಲ್ಲ ಹೇಳಿದೆ. ದಾರಿ ತಪ್ಪಿದ್ದು, ತಪ್ಪಿಸಿದವನು ನಾನು, ಕಾರು ನಿಲ್ಲಿಸುವ ಜಾಗಕ್ಕಾಗಿ ತಪ್ಪಿಸಿದ್ದು, ಅಪ್ಪ ಬೀದಿಗಳ ಮೇಲೆ ಕಾದಿಸ್ ಹಾಸಿಕೊಂಡಿರುವುದು, ಎಲ್ಲವನ್ನೂ. ಅವರು ನನ್ನನ್ನು ಅವಧಿ ಮುಗಿದ ಔಷಧಿಯನ್ನು ನೋಡುವಂತೆ ನೋಡಿದರು. ಆಮೇಲೆ ಒಳಗೆ ತಿರುಗಿ ಕೇಳಿದರು.

"ಅಬ್ಬಾ, ಟೂರ್ ಯಾವಾಗ್ಲೂ ಇಲ್ಲಿಂದಾನೇ ಶುರು ಆಗ್ಬೇಕಾ?"

"ಯಾವಾಗ್ಲೂ."

ಕೀ ಕೊರಳಲ್ಲೇ ಉಳಿಯಿತು. ಆದರೆ ಒಂದು ಶರತ್ತು ಬಂತು: ಗುಂಪಿನಲ್ಲಿ ಒಬ್ಬರಾದರೂ ಇರಲೇಬೇಕು. ಶನಿವಾರ ನಾನು. ಉಳಿದ ದಿನ ಫಾರ್ಮಸಿಗೆ ಹೊರಡುವ ಮುಂಚೆ ಆಫ್ರೀನ್ ತಾವೂ ಹೊಸ ಶೂ ಹಾಕಿಕೊಂಡು ಮೆಟ್ಟಿಲ ಮುಂದೆ ನಿಲ್ಲುತ್ತಾರೆ.

ಅದಾಗಿ ಎರಡು ವರ್ಷ. ನನ್ನ ಸ್ಟ್ಯಾಂಪ್ ಆಯಿತು. ಈಗ ಸ್ಪೇನಿಗೆ ಹೋಗಬಹುದು. ಆದರೆ ಶನಿವಾರ ಬಿಡುವಿರುವುದಿಲ್ಲ. ಕಳೆದ ವಾರ ಕಥೀಡ್ರಲ್ ಮುಂದೆ ಅಂಕಲ್, ಇದನ್ನು ಕಟ್ಟಲು ನೂರ ಆರು ವರ್ಷ ಹಿಡಿಯಿತು ಎಂದರು. ನೂರ ಹದಿನಾರು ಅಂಕಲ್ ಎಂದು ಮೆಲ್ಲಗೆ ಹೇಳಿದೆ. ಅವರು ಕೊಡೆಯ ತುದಿಯನ್ನು ನನ್ನ ಕಡೆ ತಿರುಗಿಸಿದರು.

"ಗೈಡ್ ಯಾರು, ನಾನಾ ನೀನಾ?"

ನೀವೇ ಎಂದೆ. ಆ ಹತ್ತು ವರ್ಷ ನನ್ನ ಹತ್ತಿರ ಇರಲಿ ಎಂದುಕೊಂಡು ಅವರ ಹಿಂದೆ ಹೂವಿನ ಚೌಕದ ಕಡೆ ನಡೆದೆ.